ಲಿಫ್ಟಿನ ನೋಟ್‌ಬುಕ್

ಎರಡು ವರ್ಷ ಅವಳು ಕಚೇರಿಯ ತಾರಸಿಯಲ್ಲಿ ಆಂಟೆನಾ ನಿಲ್ಲಿಸಿಕೊಂಡು ಅಳೆದಿದ್ದಳು. ರೇಡಿಯೋ ತರಂಗಗಳ ಯಾವ ಪಟ್ಟಿ (ಬ್ಯಾಂಡ್) ಯಾವ ಹೊತ್ತಿಗೆ ಊರಿನ ಸಂಕೇತಗಳಿಂದ ತುಂಬಿರುತ್ತದೆ, ಯಾವಾಗ ಖಾಲಿ ಬಿದ್ದಿರುತ್ತದೆ ಎಂದು ಮುಂಚೆಯೇ ಹೇಳುವ ಮಾದರಿ ಕಟ್ಟಿದ್ದಳು. ಅವಳು ಜ್ವರ ಬಂದು ಮಲಗಿದ ವಾರ, ಕಚೇರಿಯ ಮುಖ್ಯಸ್ಥನೂ ಅಕ್ಕನ ಗಂಡನೂ ಆದ ಭಾವ ಎಲ್ಲವನ್ನೂ ಅವಳ ಕಂಪ್ಯೂಟರಿನಿಂದ ಎತ್ತಿಕೊಂಡು ತನ್ನೊಬ್ಬನ ಹೆಸರಲ್ಲಿ ವರದಿ ಮಾಡಿಬಿಟ್ಟ. ಪುಣ್ಯಾತ್ಮ ಅವಳ ಕಾಗುಣಿತದ ತಪ್ಪುಗಳನ್ನೂ ತಿದ್ದಿರಲಿಲ್ಲ.

"ಮನೆಯವರೇ ಅಲ್ವೇನೇ, ಬಿಟ್ಬಿಡು," ಎಂದಳು ಅಕ್ಕ.

ಬಿಡುವುದೇ? ಅವಳು ಜಗಳಕ್ಕೇ ಹೊರಟಿದ್ದಳು. ಆದರೆ ವರದಿಯ ಹನ್ನೆರಡನೇ ಪುಟ ನೋಡಿದವಳೇ ಬಾಯಿಗೆ ಬೀಗ ಹಾಕಿಕೊಂಡಳು. ಭಾವ ಕಂಪ್ಯೂಟರ್ ಜಾಲಾಡಿದ್ದ, ಅವಳ ಮೇಜಿನ ಡ್ರಾಯರ್ ಎಳೆದಿರಲಿಲ್ಲ. ನೋಟ್‌ಬುಕ್ ಅದರೊಳಗಿತ್ತು.

ಕಟ್ಟಡದ ಮುದಿ ಲಿಫ್ಟಿನ ಮೋಟಾರು ಆಂಟೆನಾದ ಪಕ್ಕದ ಕೋಣೆಯಲ್ಲೇ ಇತ್ತು. ಅದು ತಿರುಗಿದಾಗಲೆಲ್ಲ ಕಿಡಿ ಹಾರಿ, ಖಾಲಿ ಪಟ್ಟಿಯೂ ತುಂಬಿದಂತೆ ತೋರುತ್ತಿತ್ತು. ಗಂಟೆಗೆ ಹತ್ತು ನಿಮಿಷ ಅಳೆಯುವಾಗ ಮೋಟಾರಿನ ಸದ್ದು ಕೇಳಿದರೆ ಅವಳು ಆ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದಿಟ್ಟು, ಆಮೇಲೆ ಅಷ್ಟನ್ನೂ ಲೆಕ್ಕದಿಂದ ಕಳೆಯುತ್ತಿದ್ದಳು. ಕಂಪ್ಯೂಟರಿನಲ್ಲಿ ಇದ್ದದ್ದು ಕಳೆಯುವ ಮುಂಚಿನ ಅಂಕಿಗಳು; ಭಾವ ಕಳೆದಿರಲಿಲ್ಲ. ಅವನಿಗೆ ಗೊತ್ತಿದ್ದರೆ ತಾನೇ!

ಕಚೇರಿಯಲ್ಲೇ ನಡೆದ ದೊಡ್ಡ ಅಧಿಕಾರಿಗಳ ಸಭೆಯ ದಿನ ಅವಳು ಹಿಂದಿನ ಸಾಲಿನಲ್ಲಿ ಕೂತಳು. ಭಾವ ಕೋಟು ಸರಿಮಾಡಿಕೊಂಡು ಹೇಳಿದ: "ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಐದಕ್ಕೆ ಈ ಪಟ್ಟಿಯಲ್ಲಿ ಕಾಲಿಡೋಕೂ ಜಾಗ ಇಲ್ಲ."

ಅವಳು ಎದ್ದು ನಿಂತಳು. "ಸರ್, ನಿಮ್ಮದೇ ಹನ್ನೆರಡನೇ ಪುಟದಲ್ಲಿ ಮೂರು ದಿನ ಪಟ್ಟಿ ಪೂರ್ತಿ ಖಾಲಿ. ಆ ಮೂರು ದಿನ ಊರಿಗೆ ಊರೇ ಬಾಯಿ ಮುಚ್ಕೊಂಡಿತ್ತಾ?"

ಸಭೆ ನಕ್ಕಿತು. "ಅದು... ಹವಾಮಾನ," ಎಂದು ಭಾವ ತಡವರಿಸಿದ.

"ಲಿಫ್ಟ್ ಕೆಟ್ಟಿತ್ತು ಸರ್. ನೀವೇ ಏದುಸಿರು ಬಿಡ್ತಾ ಆರು ಮಹಡಿ ಹತ್ತಿದ್ರಿ." ಅವಳು ನೋಟ್‌ಬುಕ್ ತೆಗೆದು ಅಧ್ಯಕ್ಷರ ಮುಂದಿಟ್ಟಳು. "ಅದರ ಮೋಟಾರು ಕಿಡಿ ಹಾರಿಸಿದ ಹೊತ್ತೆಲ್ಲ ಇದರಲ್ಲಿದೆ. ಇವರು ಅಳೆದಿರೋದು ಊರನ್ನಲ್ಲ, ನಮ್ಮ ಲಿಫ್ಟನ್ನ."

ಭಾವನ ಮುಖ ಬಿಳಿಚಿಕೊಂಡದ್ದನ್ನು ಅವಳು ಕಣ್ತುಂಬ ನೋಡಿದಳು. ಅಧ್ಯಕ್ಷರು ವರದಿಯನ್ನು ತಿರಸ್ಕರಿಸಿ, ನೋಟ್‌ಬುಕ್ ಅವಳ ಕೈಗೇ ಹಿಂದಿರುಗಿಸಿ, ಇದನ್ನು ಬರೆದಿಟ್ಟವಳೇ ತನ್ನ ಹೆಸರಲ್ಲಿ ಹೊಸ ವರದಿ ಬರೆದು ತರಲಿ ಎಂದರು.

ಹೊರಗೆ ಲಿಫ್ಟಿನ ಬಾಗಿಲಲ್ಲಿ ಭಾವ ಸಿಕ್ಕಿದ. "ನಂಗೆ ಮುಂಚೇನೇ ಹೇಳ್ಬಹುದಿತ್ತಲ್ಲಮ್ಮ?"

"ನನ್ನ ಹೆಸರು ತೆಗೆಯೋವಾಗ ನೀವು ಹೇಳಿದ್ರಾ ಭಾವ?"

ಅವಳು ತಾರಸಿ ಹತ್ತಿದಳು. ಪಕ್ಕದ ಕೋಣೆಯಲ್ಲಿ ಮೋಟಾರು ಗೊರಗುಟ್ಟಿತು, ಪರದೆಯ ಮೇಲೆ ಇಡೀ ಪಟ್ಟಿ ತುಂಬಿತು. ನೋಟ್‌ಬುಕ್ ಬಿಡಿಸಿ ಬರೆದಳು: ಹನ್ನೊಂದು ನಲವತ್ತು, ಭಾವ ಕೆಳಕ್ಕೆ.

ಅದೊಂದನ್ನು ಮಾತ್ರ ಅವಳು ಲೆಕ್ಕದಿಂದ ಕಳೆಯಲಿಲ್ಲ.