ಆರು ಪರಮಾಣುವಿನ ಬಂಗಾರ

ಹಾರೂಗೇರಿಯ ಸರಾಫ ಸಂದೇಶ ಚಿಮಟಿಗೆಯಲ್ಲಿ ಎಣಿಸಿಕೊಟ್ಟ ಆರು ಪರಮಾಣು ಬಂಗಾರ ರಾಯಬಾಗದ ಟ್ರ್ಯಾಕ್ಟರುಗಳ ಹೊಗೆಯನ್ನೆಲ್ಲ ಒಂದೇ ಉಸಿರಿಗೆ ಕುಡಿದಿತ್ತು. ಅವನ ಅಂಗಡಿಯ ನೊಣಗಳಿಗೂ ಈ ಕಥೆ ಬಾಯಿಪಾಠವಾಗಿತ್ತು. ಗಿರಾಕಿಗಳು ಅವನ ಚಿಕ್ಕಪ್ಪನ ಮಗಳು, ಬಂಗಾರದಿಂದ ಹೊಗೆ ಶುದ್ಧಮಾಡುವ ವಿಜ್ಞಾನಿ ತ್ರಿಶಲಾಳನ್ನು ಹೊಗಳಿದಾಗಲೆಲ್ಲ, ಅವಳಿಗೆ ಆ ಬಂಗಾರ ಕೊಟ್ಟವನು ತಾನೇ ಎಂದು ಅವನು ಇದನ್ನೇ ಹೇಳುತ್ತಿದ್ದ.

ಒಂದು ದಿನ ಗಿರಾಕಿಗಳ ನಡುವೆ ತ್ರಿಶಲಾಳೇ ಬಂದು ಕೂತಳು.

“ಅಣ್ಣಾ, ನಾವು ಲೇಸರ್ ಬಿಟ್ಟು ಬಂಗಾರ ಆವಿ ಮಾಡ್ತೀವಿ. ಅನಿಲದಾಗ ತೇಲೋ ಆರು ಪರಮಾಣು ಕೂಡಿ ಹೊಗಿಯ ವಿಷ ಮುರಿದು, ತಾವು ಹಂಗ ಉಳೀತಾವ. ಒಂದು ಕಡಿಮಿ ಆದ್ರ ಗುಣಾನ ಬ್ಯಾರೆ. ನೀ ಹೆಂಗ ಎಣಿಸಿದಿ?”

ಸಂದೇಶ ಒರೆಸಿದ ತಕ್ಕಡಿಯನ್ನೇ ಮತ್ತೆ ಒರೆಸಿದ.

“ಎಣಿಸಿಲ್ಲವ್ವಾ. ಇಪ್ಪತ್ತು ವರ್ಷ ಬಂಗಾರ ಮಾರೇನಿ, ಯಾರೂ ನನ್ನ ಹೊಗಳಿಲ್ಲ. ಕಣ್ಣಿಗೆ ಕಾಣದಷ್ಟು ಬಂಗಾರದಿಂದ ನೀ ದೊಡ್ಡಾಕಿ ಆದಿ. ಹೊಟ್ಟಿ ಉರೀತು, ಸುಳ್ಳ ಹೇಳಿದೆ.”