ಕ್ಯಾಮೆರಾ ಮುಂದಿನ ಮುದ್ದೆ

೧೯೮೭ರಲ್ಲಿ ನಮ್ಮ ರಾಜಾಜಿನಗರದ ವ್ಯಾಯಾಮಶಾಲೆಗೆ ಸಾಕ್ಷ್ಯಚಿತ್ರ ತೆಗೆಯುವವರು ಬಂದರು. ನಿರ್ದೇಶಕ ಚಕ್ರಪಾಣಿಗೆ ದೇಹದಾರ್ಢ್ಯದ ಗಂಧಗಾಳಿ ಇರಲಿಲ್ಲ. ಖಾದಿ ಜುಬ್ಬಾ ಮಾತ್ರ ಇತ್ತು. ನಾವೆಲ್ಲ ಎಣ್ಣೆ ಹಚ್ಚಿಕೊಂಡು ತೋಳುಬ್ಬಿಸಿ ನಿಂತರೂ ಅವನು ಆರಿಸಿದ್ದು ಸೋಮಲಿಂಗಪ್ಪನನ್ನು. ನಮಗೆ ಹೊಟ್ಟೆ ಉರಿಯಿತು ನಿಜ, ಆದರೆ ಆಯ್ಕೆ ತಪ್ಪಾಗಿರಲಿಲ್ಲ.

ಸೋಮಲಿಂಗಪ್ಪ ಕಾರ್ಖಾನೆಯೊಂದರಲ್ಲಿ ಹಂಗಾಮಿ ಕೆಲಸಗಾರ. ಆ ಭಾನುವಾರ ವಿಜಯನಗರದಲ್ಲಿ ನಡೆಯುವ ಸ್ಪರ್ಧೆ ಗೆದ್ದರೆ ಕ್ರೀಡಾ ಕೋಟಾದಲ್ಲಿ ಕೆಲಸ ಕಾಯಂ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಅದಕ್ಕಾಗಿ ತಿಂಗಳುಗಟ್ಟಲೆ ಬಾಯಿ ಕಟ್ಟಿದ್ದ. ಸ್ಪರ್ಧೆ ಹತ್ತಿರ ಬಂದಾಗ ಉಪ್ಪು ಬಿಡಬೇಕು, ನೀರನ್ನೂ ಗುಟುಕು ಗುಟುಕಾಗಿ ಕುಡಿಯಬೇಕು. ಇಲ್ಲದಿದ್ದರೆ ಚರ್ಮದಡಿ ನೀರು ನಿಂತು ಮೈಕಟ್ಟಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಶನಿವಾರ ಚಕ್ರಪಾಣಿ, ತಾಯಿ ಮಗನಿಗೆ ಬಡಿಸುವ ದೃಶ್ಯ ಬೇಕೇ ಬೇಕು ಎಂದು ಹಠ ಹಿಡಿದ. ಸಣ್ಣ ಮುದ್ದೆ, ಉಪ್ಪಿಲ್ಲದ ಸಾರು ಆದರೆ ಸರಿ ಎಂದು ಸೋಮಲಿಂಗಪ್ಪ ಒಪ್ಪಿದ. ಅವನ ತಾಯಿ ಚಿಕ್ಕಲಕ್ಷ್ಮಮ್ಮನವರೂ ತಲೆಯಾಡಿಸಿದರು. ಒಲೆ ಮುಂದೆ ಕೂತಾಗ ಮಾತ್ರ ಆಕೆಗೆ ಮನಸ್ಸು ಬರಲಿಲ್ಲ. ನಾಡೆಲ್ಲ ನೋಡುವ ಊಟ. ಹೆತ್ತ ಮಗನಿಗೆ ಸಪ್ಪೆ ಬಡಿಸಿದಳು ಅನ್ನಿಸಿಕೊಳ್ಳುವುದೇ? ಕ್ಯಾಮೆರಾಕ್ಕೆ ಉಪ್ಪು ಕಾಣುವುದಿಲ್ಲ ಎಂದು ಹೇಳಲು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅವರೆಕಾಳಿನ ಸಾರಿಗೆ ಧಾರಾಳವಾಗಿಯೇ ಹಾಕಿದರು.

ಲೈಟು ಹತ್ತಿತು. ಸೋಮಲಿಂಗಪ್ಪ ಮೊದಲ ತುತ್ತು ನುಂಗಿ ಒಂದು ಗಳಿಗೆ ತಾಯಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ತಿಂದ. ಬೆಳಕು ಸರಿ ಬರಲಿಲ್ಲ ಎಂದು ಚಕ್ರಪಾಣಿ ಮತ್ತೆ ಬಡಿಸಲು ಹೇಳಿದ, ಅದನ್ನೂ ಮುಗಿಸಿದ. ಸಂಜೆಗೆ ದಾಹ ತಡೆಯಲಾರದೆ ಅರ್ಧ ಬಿಂದಿಗೆ ನೀರು ಕುಡಿದನಂತೆ.

ಭಾನುವಾರ ವೇದಿಕೆಯ ಮೇಲೆ ಅವನ ಹೊಟ್ಟೆಯ ಗೆರೆಗಳು ಮಂಗಮಾಯ. ನಾಲ್ಕನೆಯವನಾದ. ಮುಂದಿನ ವರ್ಷ ನೋಡೋಣ ಎಂದು ಮ್ಯಾನೇಜರು ಸ್ಕೂಟರ್ ಹತ್ತಿದರು. ಸೋತದ್ದು ಚಿತ್ರಕ್ಕೆ ಒಳ್ಳೆಯದೇ ಆಯಿತು ಎಂದ ಚಕ್ರಪಾಣಿ. ಅವನ ಕೆನ್ನೆಗೆ ಎರಡು ಬಿಡಬೇಕೆನಿಸಿತು ನನಗೆ. ಬಿಡಲಿಲ್ಲ.

ನಾನೇ ಸೋಮಲಿಂಗಪ್ಪನನ್ನು ಮನೆಗೆ ಕರೆತಂದೆ. ಚಿಕ್ಕಲಕ್ಷ್ಮಮ್ಮ ಅಳುತ್ತಾ ಉಪ್ಪು ಹಾಕಿದ್ದನ್ನು ಹೇಳಿದರು. ತುತ್ತು ಬಾಯಿಗಿಟ್ಟಾಗ ಗೊತ್ತಾಗಲಿಲ್ಲವೇ ಎಂದು ಕೇಳಿದರು.

"ಗೊತ್ತಾಯ್ತು."

"ಮತ್ಯಾಕೆ ತಿಂದ್ಯೋ?"

ಸೋಮಲಿಂಗಪ್ಪ ಶರ್ಟಿನ ಗುಂಡಿ ಬಿಚ್ಚುತ್ತಾ ಹೇಳಿದ.

"ರುಚಿಯಾಗಿತ್ತು ಕಣಮ್ಮ."