ಮೂರನೇ ಸಾಲು

"ಬಿಡಕ್ಕಾ, ಮಣ್ಣಿಗೆ ಹೋಗೋ ಕೈಗೆ ಬಣ್ಣ ಇದ್ರೇನು, ಇಲ್ದಿದ್ರೇನು?"

ಪಕ್ಕದ ಮನೆಯವಳ ಮಾತನ್ನು ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆ ಹಿಡಿದು ತಮ್ಮನ ಉಗುರಿನ ಸಂದಿಯ ನೀಲಿಯನ್ನು ತಿಕ್ಕುತ್ತಲೇ ಇದ್ದಳು. ಹಾಳಾದ್ದು, ಹೋಗುವುದೇ ಇಲ್ಲ. ಚಟ ಬಿಡಿಸುವ ಕ್ಲಿನಿಕ್ಕಿನವರೇ ಗೋಡೆ ಜಾಹೀರಾತಿಗೆಂದು ಆರಿಸಿ ಕೊಟ್ಟ ನೀಲಿ ಅದು. ಬದುಕಿದ್ದವನನ್ನು ತಿಂದದ್ದು ಸಾಲದೆ ಹೆಣಕ್ಕೂ ಅಂಟಿಕೊಂಡಿತ್ತು.

ತಮ್ಮ ಗೋಡೆ, ಬೋರ್ಡು ಬರೆಯುವವನು. ಅಡಿಪಟ್ಟಿಯಿಲ್ಲದೆ ಇಪ್ಪತ್ತಡಿ ಗೆರೆ ಎಳೆಯುತ್ತಿದ್ದನೆಂದು ಎಲ್ಲರ ಬಾಯಲ್ಲೂ ಅವನು 'ಸ್ಕೇಲು'. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದು ಸೊಂಟ ಹೋಯಿತು. ನೋವಿಗೆಂದು ಕೊಟ್ಟ ಮಾತ್ರೆ ಆಮೇಲೆ ಅವನನ್ನು ಬಿಡಲಿಲ್ಲ.

ಬಾಗಿಲಲ್ಲಿ ಹೂವಿನ ಚಕ್ರ ಕಾಣಿಸಿತು. ಅದರ ಹಿಂದೆ ಕ್ಲಿನಿಕ್ಕಿನ ಪ್ರಚಾರದವನು. ಚಕ್ರದ ಪಟ್ಟಿಯ ಮೇಲೆ ಸತ್ತವನ ಹೆಸರಿಗಿಂತ ಕ್ಲಿನಿಕ್ಕಿನ ಹೆಸರೇ ದಪ್ಪಗಿತ್ತು.

"ತುಂಬಾ ಬೇಜಾರಾಯ್ತು ಮೇಡಂ. ಎಂಥಾ ಕಲಾವಿದರು!" ಆತ ದನಿ ತಗ್ಗಿಸಿದ. "ಯಾರಾದ್ರೂ ಕೇಳಿದ್ರೆ ಹಾರ್ಟು ಅಂತ ಹೇಳಿಬಿಡಿ. ನಿಮ್ಮ ಮರ್ಯಾದೆಗೇ ಒಳ್ಳೇದು. ನಮ್ಮಲ್ಲಿಂದ ಹೋಗುವಾಗ ಚೆನ್ನಾಗೇ ಇದ್ರು. ಆಮೇಲೆ ಅವರೇ ತಗೊಂಡ್ರೆ ನಾವೇನ್ ಮಾಡೋಣ?"

"ಬಿಟ್ಟ ಮೇಲೆ ಹಳೇ ಅಳತೆ ಮಾತ್ರೆನ ಮೈ ತಡೆಯಲ್ಲ ಅಂತ ಯಾಕೆ ಹೇಳಲಿಲ್ಲ?" ಎಂದಳು ಗೋಡೆಗೊರಗಿ ಕೂತಿದ್ದ ತಮ್ಮನ ಹೆಂಡತಿ.

"ಅವರು ಸಹಿ ಹಾಕಿದ ಕಾಗದದಲ್ಲಿದೆ. ನಾಲ್ಕನೇ ಪುಟ."

"ಪುಟದಲ್ಲಿ ಇರುವೆಯಷ್ಟು ಅಕ್ಷರ. ಗೋಡೆ ಮೇಲೆ ಮಾತ್ರ ಆಳೆತ್ತರ, ಅಲ್ವಾ?"

ಅಕ್ಕ ತಲೆ ತಗ್ಗಿಸಿ ಮತ್ತೆ ಉಗುರು ತಿಕ್ಕತೊಡಗಿದಳು. ಆ ಎಚ್ಚರಿಕೆಯ ಸಾಲು ಒಮ್ಮೆ ಗೋಡೆಯ ಮೇಲೂ ಇತ್ತು. ಈಗ ಅದು ಗೊತ್ತಿದ್ದದ್ದು ಇಬ್ಬರಿಗೆ: ಎದುರು ನಿಂತವನಿಗೆ, ಮತ್ತು ಅವಳಿಗೆ.

*

ಎರಡು ವಾರದ ಹಿಂದೆ, ಬಸ್ ನಿಲ್ದಾಣದ ಎದುರಿನ ಗೋಡೆ. ತಮ್ಮ ಬಿದ್ದ ಮೇಲೆ ಏಣಿ ಹಿಡಿಯುವ ಕೆಲಸ ಅಕ್ಕನದ್ದೇ. ಚೀಟಿ ನೋಡಿಕೊಂಡು ಅವಳು ಒಂದೊಂದೇ ಅಕ್ಷರ ಕೂಗುವುದು, ಅವನು ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಏನು ಬರೆದೆಯೋ ಎಂದು ಕೇಳಿದರೆ, "ನಾನು ಅಕ್ಷರ ನೋಡೋನು ಕಣಕ್ಕಾ, ಓದೋನಲ್ಲ" ಎಂದು ನಗುತ್ತಿದ್ದ. ಅವಳೇ ಒಮ್ಮೆ ಕುಂಚ ಹಿಡಿದಾಗಲಂತೂ, "ಅಯ್ಯಯ್ಯೋ, ನಿನ್ನಕ್ಷರ ಕುಡಿದು ಬಂದಂಗಿದೆ!" ಎಂದು ಹೊಟ್ಟೆ ಹಿಡಿದುಕೊಂಡಿದ್ದ.

'ಮೂರೇ ದಿನ.' ಅದರ ಕೆಳಗೆ, 'ಮಲಗಿ ಏಳುವಷ್ಟರಲ್ಲಿ ಚಟ ಮಾಯ.' ಮೂರನೆಯದು ಕ್ಲಿನಿಕ್ಕಿನ ಡಾಕ್ಟರು ಚೀಟಿಗೆ ಸೇರಿಸಿದ ಸಾಲು: 'ಚಿಕಿತ್ಸೆಯ ನಂತರ ಹಳೆಯ ಪ್ರಮಾಣ ಪ್ರಾಣಕ್ಕೆ ಅಪಾಯ.' ಅವಳು ಕೂಗಿದಳು, ಅವನು ಗುರುತು ಹಾಕಿದ.

"ಅದು ಬೇಡ, ಅಳಿಸಿ," ಎಂದ ಕೆಲಸ ನೋಡಲು ಬಂದಿದ್ದ ಪ್ರಚಾರದವನು. "ಜನ ಬರಬೇಕೋ, ಓಡಿಹೋಗಬೇಕೋ?"

ಕೈಗೆಟುಕುವ ಎತ್ತರದಲ್ಲಿತ್ತು. ಅಕ್ಕನೇ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಗೋಡೆಯಿಂದ ಹೋದದ್ದು ತಲೆಯಿಂದಲೂ ಹೋಯಿತು.

ಸಂಜೆ ಆತ ತಮ್ಮನ ಹೆಗಲ ಮೇಲೆ ಕೈಹಾಕಿ, "ನೀವೇ ಯಾಕೆ ಚಿಕಿತ್ಸೆಗೆ ಸೇರಬಾರದು?" ಎಂದ. ತಮ್ಮ ಹಿಗ್ಗಿ ಹೀರೇಕಾಯಿಯಾದ. ಸೇರಿದ, ಮಲಗಿದ, ಎದ್ದ. ಮನೆಗೆ ಬಂದ ಎಂಟನೇ ದಿನ ಸೊಂಟ ಮತ್ತೆ ಹಿಡಿಯಿತು. ಮೊದಲಿನಂತೆ ಐದು ಮಾತ್ರೆ ನುಂಗಿ ಮಲಗಿದ. ಏಳಲಿಲ್ಲ.

*

"ಹಾರ್ಟು ಅಂತ ಹೇಳ್ತೀರಲ್ಲ ಮೇಡಂ?"

"ಹೇಳಲ್ಲ." ಅಕ್ಕ ಬಟ್ಟೆ ಬಿಸಾಡಿ ಎದ್ದಳು. "ಎಲ್ಲರೂ ಕೇಳಿಸ್ಕೊಳ್ಳಿ. ಆ ಸಾಲು ಗೋಡೆ ಮೇಲಿತ್ತು. ಅಳಿಸು ಅಂದೋನು ಇವನು. ಅಳಿಸಿದ ಪಾಪಿ ನಾನು. ನಿನ್ನ ಹೂವು ಎತ್ಕೊಂಡು ನಡಿ ಆಚೆ!"

ಆತ ಹೋದ.

"ನೀವೂನಾ ಅಕ್ಕಾ?" ಎಂದಳು ತಮ್ಮನ ಹೆಂಡತಿ. ಆಮೇಲೆ ಮಣ್ಣು ಮಾಡಿ ಮುಗಿಯುವವರೆಗೂ ಅವಳು ಅಕ್ಕನ ಮುಖ ನೋಡಲಿಲ್ಲ.

ಹಿಂದಿರುಗುವಾಗ ಅಕ್ಕ ಗಾಡಿ ನಿಲ್ಲಿಸಿ ಬಸ್ ನಿಲ್ದಾಣದಲ್ಲಿ ಇಳಿದಳು. ಚೀಲದಲ್ಲಿ ಉಳಿದ ನೀಲಿಯ ಡಬ್ಬ, ತಮ್ಮನ ಕುಂಚ. ಮುಚ್ಚಳ ಬಿಗಿದುಕೊಂಡಿತ್ತು, ಅವಳ ಉಗುರಿಗೆ ಜಗ್ಗಲಿಲ್ಲ. ಹಿಂದೆಯೇ ಇಳಿದು ಬಂದ ತಮ್ಮನ ಹೆಂಡತಿ ಡಬ್ಬ ಕಿತ್ತುಕೊಂಡು ಬೀಗದ ಕೈಯಿಂದ ಮೀಟಿ ತೆರೆದಳು.

ತಮ್ಮನ ಎರಡು ಸಾಲು ಮೇಲೆ ನೆಟ್ಟಗೆ ನಿಂತಿದ್ದವು. ಕೆಳಗೆ ಅಕ್ಕ ಬರೆದದ್ದು ಹುಟ್ಟುತ್ತಲೇ ಸೊಟ್ಟ. ಒಂದಕ್ಷರ ಏರಿತು, ಒಂದು ಜಾರಿತು, ಬಣ್ಣ ಸೋರಿತು.

ಆ ಗೋಡೆಯೆದುರು ದಿನಾ ಬಸ್ಸಿಗೆ ಕಾಯುತ್ತಿದ್ದವನೊಬ್ಬ ರಸ್ತೆ ದಾಟಿ ಬಂದ. ಕತ್ತು ಓರೆ ಮಾಡಿ, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದ:

"ಇಲ್ಲಿಂದ... ಬಂದ ಮೇಲೆ... ಹಳೇ ಅಳತೆ... ತಗೊಂಡ್ರೆ... ಸಾಯ್ತೀರಿ. ಮೇಲಿನದು... ಬರೆದೋನು... ಸತ್ತ."